ಕೃಷ್ಣನ ಪಾದ ಮುಟ್ಟಿ ಇಳಿಯುವ ನೀರು ಮತ್ತು ಮಕ್ಕಳ ಲೋಟ

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮಲ್ಲಿ ದಿನವೂ ನೀರು ಕುಡಿಯಲೆಂದೇ ಗಂಟೆ ಬಾರಿಸುತ್ತೇವೆ. ಆದರೂ ಒಂದನೇ, ಎರಡನೇ ತರಗತಿಯ ಮಕ್ಕಳು ಒಂದು ಗುಟುಕು ಕುಡಿದು ಆಟಕ್ಕೆ ಓಡುತ್ತಾರೆ. ಈ ಸಲದ ವಿಜ್ಞಾನ ಮೇಳಕ್ಕೆ ಏಳನೇ ತರಗತಿಯವರು ಈ ಪುಟ್ಟ ಮಕ್ಕಳಿಗಾಗಿ ಹೊಸ ಬಗೆಯ, ಮೋಜಿನ ಲೋಟವೊಂದನ್ನು ಮಾಡಬೇಕೆಂದು ಹೊರಟಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಜೊತೆಗೆ ಇನ್ನೊಂದು ಅನುಮಾನ. ಹಿತ್ತಾಳೆಯ ಬಟ್ಟಲೊಂದರಲ್ಲಿ ನೀರು ತುಂಬಿಸುತ್ತಾ ಹೋದರೆ, ಅದು ಬಾಲಕೃಷ್ಣನ ಪಾದ ಮುಟ್ಟಿದ ಕೂಡಲೇ ಪೂರ್ತಿ ಇಳಿದುಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಅದು ನಿಜವೇ? ನಿಜವಾದರೆ ಅದನ್ನೇ ಮಕ್ಕಳ ಲೋಟವಾಗಿ ಮಾಡಬಹುದೇ?

ಉತ್ತರ: ನಿಮ್ಮ ಮಕ್ಕಳು ತಮಗಿಂತ ಚಿಕ್ಕವರ ತೊಂದರೆಯನ್ನು ಗಮನಿಸಿ ಅದಕ್ಕೊಂದು ದಾರಿ ಹುಡುಕುತ್ತಿರುವುದು ನಮಗೆ ತುಂಬಾ ಸಂತೋಷ ಕೊಟ್ಟಿತು. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ನೀರು ಇಳಿದುಹೋಗುವ ಬಟ್ಟಲು ಕೆಲಸ ಮಾಡುವುದು ಹೇಗೆ ಎಂಬುದು ಒಂದು. ದಿನವೂ ಕುಡಿಯಲು ಮಕ್ಕಳಿಗೆ ಎಂಥ ಲೋಟ ಮಾಡಬೇಕು ಎಂಬುದು ಇನ್ನೊಂದು. ಬಟ್ಟಲಿನಿಂದಲೇ ಶುರು ಮಾಡೋಣ. ಅದು ಅರ್ಥವಾದರೆ ಲೋಟದಲ್ಲಿ ಮೋಜು ಎಲ್ಲಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಿಮ್ಮ ಅತ್ತೆಯವರು ಹೇಳಿದ್ದು ನಿಜ. ಅದಕ್ಕೆ ವಸುದೇವನ ಬಟ್ಟಲು ಎನ್ನುತ್ತಾರೆ. ಬಟ್ಟಲಿನ ನಡುವೆ ತಲೆಯ ಮೇಲೆ ಮಗುವನ್ನು ಹೊತ್ತ ವಸುದೇವನ ಬೊಂಬೆ ನಿಂತಿರುತ್ತದೆ. ಕಥೆ ನಿಮಗೆ ಗೊತ್ತೇ ಇದೆ: ಸೆರೆಮನೆಯಿಂದ ಹೊರಬಂದ ವಸುದೇವ ಕೂಸನ್ನು ಹೊತ್ತು ಯಮುನೆಯನ್ನು ದಾಟುತ್ತಾನೆ, ನೀರು ಏರುತ್ತಾ ಬರುತ್ತದೆ, ಶಿಶುವಿನ ಪಾದ ಸೋಕಿದ ಮೇಲೆ ಇಳಿದು ದಾರಿ ಬಿಡುತ್ತದೆ. ಬಟ್ಟಲಿನಲ್ಲಿಯೂ ಅಷ್ಟೇ. ಪಾದದ ಮಟ್ಟದವರೆಗೆ ನೀರು ಸುಮ್ಮನೆ ನಿಂತಿರುತ್ತದೆ. ಪಾದ ಮುಟ್ಟುತ್ತಲೇ ತಳದಿಂದ ಹರಿಯತೊಡಗಿ, ಬಟ್ಟಲು ಹೆಚ್ಚುಕಡಿಮೆ ಬರಿದಾಗುವವರೆಗೂ ನಿಲ್ಲುವುದಿಲ್ಲ. ಇದೇ ಉಪಾಯದ ಬಟ್ಟಲು ಗ್ರೀಸಿನ ಸಾಮೋಸ್ ದ್ವೀಪದಲ್ಲಿಯೂ ಇದೆ. ಅಲ್ಲಿ ಅದಕ್ಕೆ ಪೈಥಾಗರಸನ ಹೆಸರು. ದ್ರಾಕ್ಷಾರಸವನ್ನು ಗೆರೆ ಮೀರಿ ತುಂಬಿಸಿಕೊಂಡವನಿಗೆ ಒಂದು ಹನಿಯೂ ಉಳಿಯುವುದಿಲ್ಲ, ದುರಾಸೆಗೆ ಅದೇ ಶಿಕ್ಷೆ ಎಂಬ ಕಥೆಯನ್ನು ಅದಕ್ಕೆ ಹೊಂದಿಸಿದ್ದಾರೆ.

ಇಲ್ಲಿ ಬಹಳ ಜನರಿಗೆ ಒಂದು ಗೊಂದಲವಾಗುತ್ತದೆ, ಅದು ಸಹಜ ಕೂಡ. ಪಾದದ ಎತ್ತರದಲ್ಲಿ ಎಲ್ಲೋ ಒಂದು ತೂತು ಇರಬೇಕು, ನೀರು ಅಲ್ಲಿಗೆ ಬಂದಾಗ ಹೊರಗೆ ಹೋಗುತ್ತದೆ ಎಂದು ಅವರು ಭಾವಿಸುತ್ತಾರೆ. ಹಾಗಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಮೇಲ್ಭಾಗದಲ್ಲಿ ಒಂದು ಪೈಪ್ ಇಟ್ಟಿರುತ್ತಾರಲ್ಲ, ಹೆಚ್ಚಾದ ನೀರು ಹೊರಗೆ ಬೀಳಲಿ ಎಂದು. ಅದರಿಂದ ಹೋಗುವುದು ಹೆಚ್ಚಾದ ನೀರು ಮಾತ್ರ. ಟ್ಯಾಂಕು ಎಂದೂ ಅದರಿಂದ ಖಾಲಿಯಾಗುವುದಿಲ್ಲ. ಬಟ್ಟಲಿನಲ್ಲಾದರೋ ಪಾದಕ್ಕಿಂತ ಕೆಳಗಿರುವ ನೀರೂ ಹೋಗಿಬಿಡುತ್ತದೆ. ಹಾಗಾಗಿ ಅಲ್ಲಿರುವುದು ಬರೀ ತೂತಲ್ಲ, ಬಾಗಿದ ಒಂದು ಕೊಳವೆ. ಅದನ್ನು ಸೈಫನ್ ಎನ್ನುತ್ತಾರೆ.

ವಸುದೇವನ ಮೈಯೊಳಗೆ ಅಡಗಿರುವ ಆ ಕೊಳವೆ ತಲೆಕೆಳಗಾದ ‘ಯು’ ಅಕ್ಷರದಂತೆ ಬಾಗಿರುತ್ತದೆ. ಅದರ ಒಂದು ಬಾಯಿ ಬಟ್ಟಲಿನ ಒಳಗೆ, ತಳಕ್ಕೆ ಹತ್ತಿರದಲ್ಲಿ ತೆರೆದಿರುತ್ತದೆ. ಇನ್ನೊಂದು ತುದಿ ತಳವನ್ನು ದಾಟಿ ಬಟ್ಟಲಿನ ಕೆಳಗೆ ತೆರೆದುಕೊಳ್ಳುತ್ತದೆ. ನೀವು ನೀರು ಹಾಕುತ್ತಾ ಹೋದಂತೆ ಒಳಗಿನ ಕಾಲಿನಲ್ಲಿಯೂ ನೀರು ಅದೇ ಮಟ್ಟಕ್ಕೆ ಏರುತ್ತದೆ. ಬಾಗಿನ ನೆತ್ತಿಯನ್ನು ದಾಟುವವರೆಗೂ ಹೊರಗೆ ಹೋಗಲು ದಾರಿಯಿಲ್ಲ. ದಾಟಿದ ಕೂಡಲೇ ಅದು ಆಚೆಯ ಕಾಲಿಗೆ ಇಳಿದು, ಅಲ್ಲಿದ್ದ ಗಾಳಿಯನ್ನು ತಳ್ಳಿಕೊಂಡು ಕೊಳವೆಯನ್ನು ಪೂರ್ತಿ ತುಂಬುತ್ತದೆ. ಈಗ ಆಚೆಯ ಬಾಯಿ ಬಟ್ಟಲಿನ ನೀರಿನ ಮಟ್ಟಕ್ಕಿಂತ ಕೆಳಗಿದೆ. ಅತ್ತ ಕಡೆಯ ನೀರಿನ ಕಂಬ ಉದ್ದ, ಅದರ ಭಾರ ಹೆಚ್ಚು. ಅದು ಕೆಳಗಿಳಿಯುತ್ತಿದ್ದಂತೆ ಬಟ್ಟಲಿನ ನೀರಿನ ಮೇಲಿರುವ ಗಾಳಿಯ ಒತ್ತಡ ಇತ್ತ ಕಡೆಯಿಂದ ಹೊಸ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಒಳಗಿನ ಬಾಯಿಗೆ ಗಾಳಿ ಸಿಗುವವರೆಗೂ ಈ ಹರಿವು ನಿಲ್ಲುವುದಿಲ್ಲ. ಡ್ರಮ್ಮಿನಿಂದ ನೀರು ತೆಗೆಯಲು ಪೈಪಿನ ಒಂದು ತುದಿಯನ್ನು ಒಳಗೆ ಮುಳುಗಿಸಿ, ಇನ್ನೊಂದು ತುದಿಯನ್ನು ಬಾಯಿಂದ ಎಳೆದು ಕೆಳಗೆ ಬಿಡುವುದನ್ನು ನಿಮ್ಮ ಮಕ್ಕಳು ಕಂಡೇ ಇರುತ್ತಾರೆ. ಅಲ್ಲಿ ನಾವು ಬಾಯಿಂದ ಎಳೆದು ಶುರು ಮಾಡುತ್ತೇವೆ. ಬಟ್ಟಲಿನಲ್ಲಿ ನೀರಿನ ಮಟ್ಟವೇ ನೆತ್ತಿಯನ್ನು ದಾಟಿ ಅದನ್ನು ಶುರು ಮಾಡುತ್ತದೆ. ವ್ಯತ್ಯಾಸ ಅಷ್ಟೇ.

ಇದನ್ನು ತರಗತಿಯಲ್ಲಿ ಮಾಡಿ ತೋರಿಸುವುದು ಕಷ್ಟವಲ್ಲ. ಹಿಂದೆ ಬಾಗುವ ಪ್ಲಾಸ್ಟಿಕ್ ಸ್ಟ್ರಾ ಮತ್ತು ಪ್ಲಾಸ್ಟಿಕ್ ಲೋಟ ಬಳಸುತ್ತಿದ್ದರು. 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಈ ಎರಡಕ್ಕೂ ನಿಷೇಧವಿದೆ. ಬದಲಿಗೆ ಒಂದು ಲೀಟರಿನ ಹಳೆಯ ಬಾಟಲಿಯ ತಳ ಕತ್ತರಿಸಿ ಅದನ್ನು ತಲೆಕೆಳಗು ಮಾಡಿ. ಮೀನಿನ ತೊಟ್ಟಿಗೆ ಗಾಳಿ ಹಾಯಿಸುವ ತೆಳು ಪೈಪನ್ನು ಒಂದು ಅಡಿಗಿಂತ ಸ್ವಲ್ಪ ಹೆಚ್ಚು ತನ್ನಿ. ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ ತೂತು ಮಾಡಿ (ಈ ಕೆಲಸ ನಿಮ್ಮ ಕೈಯಲ್ಲೇ ಇರಲಿ), ಪೈಪನ್ನು ಬಿಗಿಯಾಗಿ ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಿ. ಒಳಗಿನ ಪೈಪನ್ನು ಮೇಲಕ್ಕೆ ಒಯ್ದು, ನಿಧಾನವಾಗಿ ಬಾಗಿಸಿ, ತುದಿ ಬಾಟಲಿಯ ಕತ್ತಿನ ಹತ್ತಿರಕ್ಕೆ ಬರುವಂತೆ ಮಾಡಿ ದಾರದಿಂದ ಕಟ್ಟಿ. ಬಾಗು ಸುಮಾರು 3–4 ಸೆಂ.ಮೀ. ಅಗಲವಿರಲಿ. ಚೂಪಾಗಿ ಬಾಗಿಸಿದರೆ ಪೈಪ್ ಮಡಿಚಿಕೊಂಡು ನೀರು ನಿಂತುಬಿಡುತ್ತದೆ. ದಪ್ಪ ಪೈಪ್ ಹಾಕಬೇಡಿ. ದಪ್ಪ ಪೈಪಿನಲ್ಲಿ ನೀರು ಕೊಳವೆಯನ್ನು ತುಂಬದೆ ಒಂದು ಬದಿಯಿಂದ ಜಿನುಗಿ ಇಳಿಯುತ್ತದೆ, ಗಾಳಿ ಒಳಗೇ ಉಳಿಯುತ್ತದೆ, ಸೈಫನ್ ಶುರುವಾಗುವುದೇ ಇಲ್ಲ. ಮೊದಲ ಸಲ ಕೈಕೊಡುವ ಮಾದರಿಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ. ಮಕ್ಕಳು ಬರೆದ ವಸುದೇವನ ಚಿತ್ರವನ್ನು ಸೆಲ್ಲೋಟೇಪಿನಲ್ಲಿ ಮುಚ್ಚಿ, ಕೂಸಿನ ಪಾದ ಬಾಗಿನ ನೆತ್ತಿಯ ಮಟ್ಟಕ್ಕೆ ಬರುವಂತೆ ಅಂಟಿಸಿ. ಬಾಟಲಿಯನ್ನು ಚೊಂಬಿನ ಬಾಯಿಯ ಮೇಲೆ ಕೂರಿಸಿ ನೀರು ಹಾಕಿ. ತೆಳು ಧಾರೆಯ ನಲ್ಲಿಯ ಕೆಳಗೆ ಇಟ್ಟರೆ ಅದು ತುಂಬುವುದೂ ಬರಿದಾಗುವುದೂ ಮತ್ತೆ ತುಂಬುವುದೂ ನಡೆಯುತ್ತಲೇ ಇರುತ್ತದೆ. ಇದು ಮೇಳದಲ್ಲಿ ಜನರನ್ನು ನಿಲ್ಲಿಸುವ ಮಾದರಿ ಎಂಬುದರಲ್ಲಿ ಅನುಮಾನ ಬೇಡ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಇದನ್ನೇ ಮಕ್ಕಳು ಕುಡಿಯುವ ಲೋಟವಾಗಿ ಮಾಡಬಹುದೇ? ಬೇಡ ಎಂದೇ ನಮ್ಮ ಸಲಹೆ. ಕಾರಣ ಒಂದೇ, ಆದರೆ ದೊಡ್ಡದು. ಆ ಕೊಳವೆಯ ಒಳಗನ್ನು ತೊಳೆಯಲಾಗದು. ಬೆರಳು ಹೋಗದ, ತಿಕ್ಕಲು ಬಾರದ, ಒಣಗದ ಜಾಗದಲ್ಲಿ ನೀರು ನಿಂತರೆ ಪಾಚಿ ಕಟ್ಟುತ್ತದೆ, ಹಾಲು ನಿಂತರೆ ಹುಳಿಯುತ್ತದೆ. ಸುರುಳಿ ಸುತ್ತಿದ ಬಣ್ಣದ ಸ್ಟ್ರಾಗಳಿಗೂ ಇದೇ ಮಾತು. ಆದ್ದರಿಂದ ವಸುದೇವನ ಬಟ್ಟಲು ಮೇಳದ ಮೇಜಿನ ಮೇಲೆ ಇರಲಿ, ಮಗುವಿನ ಬಾಯಿಗೆ ಬೇಡ. ಆದರೆ ಅದರಿಂದ ಕಲಿಯುವುದು ಬಹಳವಿದೆ. ಗಮನಿಸಿ, ಆ ಬಟ್ಟಲಿನ ಹೊರಗೆ ಯಾವ ಅಲಂಕಾರವೂ ಇರಬೇಕಿಲ್ಲ. ಒಳಗೆ ನೀರು ಏನು ಮಾಡುತ್ತದೋ ಅದೇ ಮೋಜು. ಅಂಗಡಿಯಲ್ಲಿ ಸಿಗುವ ಮಕ್ಕಳ ಲೋಟಗಳಲ್ಲಿ ಕಾರ್ಟೂನು ಹೊರಗೆ ಅಂಟಿಕೊಂಡಿರುತ್ತದೆ. ಮಗು ಅದನ್ನು ನೋಡುತ್ತದೆ, ಆಡುತ್ತದೆ, ನೀರನ್ನು ಮಾತ್ರ ಕುಡಿಯುವುದಿಲ್ಲ, ಏಕೆಂದರೆ ಚಿತ್ರಕ್ಕೂ ಕುಡಿಯುವುದಕ್ಕೂ ಸಂಬಂಧವಿಲ್ಲ. ಕುಡಿದರೆ ಮಾತ್ರ ಏನೋ ನಡೆಯಬೇಕು. ನಿಮ್ಮ ವಿದ್ಯಾರ್ಥಿಗಳು ಹುಡುಕಬೇಕಾದದ್ದು ಅಂಥದ್ದನ್ನು.

ಆ ದಿಕ್ಕಿನಲ್ಲಿ ಈಗಾಗಲೇ ಆದ ಕೆಲಸಗಳನ್ನು ಅವರಿಗೆ ಹೇಳಿ. ಹೊಸದು ಮಾಡುವವರಿಗೆ ಹಳೆಯದು ಗೊತ್ತಿರಬೇಕು.

ನಮ್ಮ ಮನೆಗಳಲ್ಲಿಯೇ ಒಳಲೆ ಇದೆ. ಎಳೆಗೂಸಿಗೆ ಹಾಲು ಕುಡಿಸುವ, ಒಂದು ಕಡೆ ಕೊಕ್ಕಿನಂತೆ ಚಾಚಿದ ಪುಟ್ಟ ಬಟ್ಟಲು. ಬೆಳ್ಳಿಯದು ಬಾಣಂತಿಗೆ ಉಡುಗೊರೆಯಾಗಿಯೂ ಬರುತ್ತದೆ. ಅದರಲ್ಲಿ ಮುಚ್ಚಳವಿಲ್ಲ, ಕೊಳವೆಯಿಲ್ಲ, ಮೂಲೆಗಳಿಲ್ಲ. ಒಂದು ಸಲ ಬಿಸಿನೀರಿನಲ್ಲಿ ತೊಳೆದರೆ ಸಾಕು. ಹಾಲಿನ ಬಾಟಲಿಗಿಂತ ಬಟ್ಟಲು, ಚಮಚ ಅಥವಾ ಒಳಲೆ ಮೇಲು ಎಂದು ಮಕ್ಕಳ ವೈದ್ಯರು ಹೇಳುವುದೂ ಈ ಶುಚಿತ್ವದ ಕಾರಣಕ್ಕೇ. ನಮ್ಮಲ್ಲಿ ಹಾಲಿನ ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ.

ಇಂಗ್ಲೆಂಡಿನ ಮ್ಯಾಂಡಿ ಹೇಬರ್‌ಮನ್ ಎಂಬವರ ಕಥೆ ನಿಮ್ಮ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ಅವರ ಮಗಳಿಗೆ ಹುಟ್ಟಿನಿಂದಲೇ ಹಾಲು ಚೀಪಲು ಆಗುತ್ತಿರಲಿಲ್ಲ. ಅಂಥ ಶಿಶುಗಳಿಗೆಂದು ಅವರು ಮೊದಲು ವಿಶೇಷ ಬಾಟಲಿಯೊಂದನ್ನು ರೂಪಿಸಿದರು. ಆಮೇಲೆ, 1990ರಲ್ಲಿ, ಪುಟ್ಟ ಮಗುವೊಂದು ಹಣ್ಣಿನ ರಸವನ್ನು ಸ್ನೇಹಿತರ ಮನೆಯ ತಿಳಿಬಣ್ಣದ ಜಮಖಾನೆಯ ಮೇಲೆ ಚೆಲ್ಲುವುದನ್ನು ಕಂಡು, ಚೆಲ್ಲದ ಲೋಟ ಮಾಡಬೇಕೆಂದುಕೊಂಡರು. ಅವರ ಉಪಾಯ ಬಹಳ ಸರಳ. ಮುಚ್ಚಳದ ಕೊಕ್ಕಿನಲ್ಲಿ ಮೆತ್ತನೆಯ ಪೊರೆ, ಅದರಲ್ಲೊಂದು ಸೀಳು. ಮಗು ಹೀರಿದಾಗ ಸೀಳು ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ದೊಡ್ಡ ಅಂಗಡಿ ಸರಪಳಿಯೊಂದರ ಖರೀದಿ ಅಧಿಕಾರಿಗೆ ಅವರು ಆ ಲೋಟದಲ್ಲಿ ರಸ ತುಂಬಿ, ಬಿಳಿಯ ಡಬ್ಬಿಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸಿದರು. ಸೋರಿದರೆ ಡಬ್ಬಿಯೇ ಹೇಳುತ್ತಿತ್ತು. ಸೋರಲಿಲ್ಲ, ಬೇಡಿಕೆ ಬಂತು. ಮುಂದೆ ಇನ್ನೊಂದು ಕಂಪನಿ ಅದನ್ನೇ ಹೋಲುವ ಲೋಟ ತಂದಾಗ ಅವರು ನ್ಯಾಯಾಲಯಕ್ಕೆ ಹೋದರು. ಇಷ್ಟು ಸರಳವಾದದ್ದು ಯಾರಿಗಾದರೂ ಹೊಳೆಯುತ್ತಿತ್ತು ಎಂಬುದು ಎದುರಾಳಿಗಳ ವಾದ. ಹಾಗಾದರೆ ಇಷ್ಟು ವರ್ಷ ಯಾರಿಗೂ ಏಕೆ ಹೊಳೆಯಲಿಲ್ಲ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. 1999ರಲ್ಲಿ ತೀರ್ಪು ಹೇಬರ್‌ಮನ್ ಪರವಾಗಿ ಬಂತು. ಸರಳವಾಗಿದೆ ಎಂಬ ಕಾರಣಕ್ಕೆ ತಮ್ಮ ಆಲೋಚನೆಯನ್ನು ಮಕ್ಕಳು ಕೈಬಿಡಬಾರದು ಎಂದು ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆದೆವು.

ಆದರೆ ಒಂದನೇ ತರಗತಿಯ ಮಕ್ಕಳಿಗೆ ಅಂಥ ಕೊಕ್ಕಿನ ಲೋಟ ಬೇಕಿಲ್ಲ. ಅದು ಇನ್ನೂ ನಡೆಯಲು ಕಲಿಯುತ್ತಿರುವ ಕೂಸಿನ ವಯಸ್ಸಿಗೆ, ಅದೂ ಸ್ವಲ್ಪ ಕಾಲಕ್ಕೆ ಮಾತ್ರ. ಸಿಹಿ ಪಾನೀಯ ತುಂಬಿಸಿ ದಿನವಿಡೀ ಚೀಪಲು ಬಿಟ್ಟರೆ ಹಲ್ಲು ಹುಳುಕಾಗುತ್ತದೆ. ಆ ಪೊರೆಯನ್ನೂ ಪ್ರತಿಸಲ ಬಿಚ್ಚಿ ತೊಳೆಯಬೇಕು.

ಶಾಲೆಯ ಮಕ್ಕಳಿಗೆ ಹೆಚ್ಚು ಹತ್ತಿರವಾದದ್ದು ಅಮೆರಿಕದ ಲಿಲಿ ಬಾರ್ನ್ ಎಂಬ ಹುಡುಗಿಯ ಕೆಲಸ. ಅವಳ ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ಉರುಳುತ್ತಿತ್ತು. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿಯೇ ಅವಳು ಲೋಟಕ್ಕೆ ಹೊರಕ್ಕೆ ಚಾಚಿದ ಮೂರು ಕಾಲುಗಳನ್ನು ಜೋಡಿಸಿದಳು. ತಂದೆಯ ನೆರವಿನಿಂದ ಮೊದಲು ಪಿಂಗಾಣಿಯಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಅದು ತಯಾರಾಯಿತು. 2014ರಲ್ಲಿ ಬಹಳ ಜನ ಸಣ್ಣ ಸಣ್ಣ ಮೊತ್ತ ಕೊಟ್ಟು ಅದರ ತಯಾರಿಕೆಗೆ ನೆರವಾದರು. ಮೂರೇ ಕಾಲು ಏಕೆ ಎಂದು ನಿಮ್ಮ ತರಗತಿಯಲ್ಲಿ ಕೇಳಿ. ನಾಲ್ಕು ಕಾಲಿನ ಸ್ಟೂಲು ಉಬ್ಬುತಗ್ಗಿನ ನೆಲದಲ್ಲಿ ಅಲುಗಾಡುತ್ತದೆ, ಮೂರು ಕಾಲಿನದು ಅಲುಗಾಡುವುದಿಲ್ಲ. ಯಾವುದೇ ಮೂರು ಬಿಂದುಗಳು ಒಂದೇ ಸಮತಲದಲ್ಲಿರುತ್ತವೆ, ನಾಲ್ಕನೆಯದು ಇರಲೇಬೇಕೆಂದಿಲ್ಲ.

ಉರುಳುವ ಲೆಕ್ಕವನ್ನೂ ಮಕ್ಕಳು ಮಾಡಬಹುದು. ಲೋಟವನ್ನು ವಾಲಿಸುತ್ತಾ ಹೋದಾಗ ಅದರ ಗುರುತ್ವ ಕೇಂದ್ರ ತಳದ ಅಂಚನ್ನು ದಾಟಿದರೆ ಬೀಳುತ್ತದೆ. ತಳ 4 ಸೆಂ.ಮೀ. ಅಗಲ, ಗುರುತ್ವ ಕೇಂದ್ರ 4 ಸೆಂ.ಮೀ. ಎತ್ತರದಲ್ಲಿದ್ದರೆ ಲೋಟ ಸುಮಾರು 27 ಡಿಗ್ರಿ ವಾಲಿದಾಗಲೇ ಉರುಳುತ್ತದೆ. ತಳ 6 ಸೆಂ.ಮೀ., ಕೇಂದ್ರ 3 ಸೆಂ.ಮೀ. ಎತ್ತರದಲ್ಲಿದ್ದರೆ 45 ಡಿಗ್ರಿಯವರೆಗೆ ತಡೆಯುತ್ತದೆ. ನಮ್ಮ ಕಾಫಿ ಲೋಟಗಳು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿರುತ್ತವೆ. ಒಂದರೊಳಗೊಂದು ಜೋಡಿಸಿಡಲು ಅದು ಅನುಕೂಲ, ಪುಟ್ಟ ಕೈಗೆ ಅಲ್ಲ. ಗಿಡ್ಡನೆಯ, ನೇರ ಗೋಡೆಯ, ಅಗಲ ತಳದ ಲೋಟ ಆರಿಸಿ. 6 ಸೆಂ.ಮೀ. ವ್ಯಾಸ, 7 ಸೆಂ.ಮೀ. ಎತ್ತರವಿದ್ದರೆ ಅಂಚಿನವರೆಗೆ ಸುಮಾರು 200 ಮಿಲಿಲೀಟರ್ ಹಿಡಿಯುತ್ತದೆ. ಮುಕ್ಕಾಲು ತುಂಬಿಸಿದರೆ 150. ಆರೇಳು ವರ್ಷದವರು ಒಂದೇ ಸಲಕ್ಕೆ ಮುಗಿಸಬಹುದಾದಷ್ಟು. ಮುಗಿಸಿದೆನೆಂಬ ಖುಷಿ ಸಿಗಬೇಕಾದರೆ ಲೋಟ ಚಿಕ್ಕದಿರಬೇಕು.

ಅಂಚಿನ ವಿಷಯ ಮರೆಯಬೇಡಿ. ‘ಕಚ್ಚಿ ಕುಡಿಯಬೇಡ, ಎತ್ತಿ ಕುಡಿ’ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಎತ್ತಿ ಕುಡಿಯಲು ಹೊರಕ್ಕೆ ಮಡಿಚಿದ ಅಂಚು ಬೇಕು. ಧಾರೆ ಒಂದೇ ಕಡೆ ಬೀಳುವುದು ಅದರಿಂದಲೇ. ಆದರೆ ಆರು ವರ್ಷದ ಮಗು ಎತ್ತಿ ಕುಡಿಯಲು ಹೋಗಿ ಅಂಗಿ ತೋಯಿಸಿಕೊಳ್ಳುತ್ತದೆ. ಆಮೇಲೆ ಬೈಗುಳಕ್ಕೆ ಹೆದರಿ ಕುಡಿಯುವುದನ್ನೇ ಬಿಡುತ್ತದೆ. ನಿಮ್ಮ ಮಕ್ಕಳು ಒಂದೇ ಗುಟುಕಿಗೆ ಓಡಲು ಇದೂ ಒಂದು ಕಾರಣವಿರಬಹುದು, ಗಮನಿಸಿ ನೋಡಿ. ಪ್ರತಿ ಮಗುವಿಗೂ ಅದರದೇ ಲೋಟವಿದ್ದರೆ ಎಂಜಲಿನ ಪ್ರಶ್ನೆ ಬರುವುದಿಲ್ಲ. ನಿರಾಳವಾಗಿ ಕಚ್ಚಿಯೇ ಕುಡಿಯಲಿ.

ಈಗ ಮೋಜಿನ ಭಾಗ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಮುಂತಾದ ಊರುಗಳ ಕುಂಬಾರರು ಹದಿನೆಂಟನೇ ಶತಮಾನದ ಕೊನೆಯಿಂದ ಕಪ್ಪೆಯ ಲೋಟಗಳನ್ನು ಮಾಡುತ್ತಿದ್ದರು. ಹೊರಗೆ ನೋಡಿದರೆ ಸಾಮಾನ್ಯ ಪಿಂಗಾಣಿ ಲೋಟ. ಕುಡಿಯುತ್ತಾ ಬಂದಂತೆ ಒಳಗೋಡೆಗೆ ಅಂಟಿ ಕುಳಿತ ಮಣ್ಣಿನ ಕಪ್ಪೆ ಮೆಲ್ಲಗೆ ತಲೆ ತೋರಿಸುತ್ತದೆ. ಕುಡಿಯುವವರೆಗೆ ಕಾಣದು, ಕುಡಿದರೆ ಮಾತ್ರ ಕಾಣುತ್ತದೆ. ನಿಮಗೆ ಬೇಕಾದದ್ದು ಇದೇ. ಆದರೆ ಎದ್ದು ನಿಂತ ಕಪ್ಪೆಯ ಸುತ್ತಲೂ ಕೊಳೆ ಕೂರುತ್ತದೆ. ಅದನ್ನು ಚಪ್ಪಟೆ ಮಾಡಿದರೆ ಸಮಸ್ಯೆ ತೀರುತ್ತದೆ.

ನಮ್ಮ ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಕೊಡುತ್ತಾರಲ್ಲ, ಪೆನ್ನಿನಂಥ ಪುಟ್ಟ ಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ, ‘ಗೃಹಪ್ರವೇಶದ ನೆನಪಿಗೆ’ ಎಂದು. ಅದೇ ಯಂತ್ರದಿಂದ ಲೋಟದ ಒಳತಳದಲ್ಲಿ ಒಂದು ಚಿತ್ರ ಬರೆಸಿ. ಮೀನು, ಕಪ್ಪೆ, ಆಮೆ, ಮಗುವಿನ ಹೆಸರಿನ ಮೊದಲ ಅಕ್ಷರ, ಏನಾದರೂ. ಲೋಟ ಗಿಡ್ಡಗೆ ಅಗಲವಾಗಿದ್ದರೆ ಯಂತ್ರ ತಳಕ್ಕೆ ಮುಟ್ಟುತ್ತದೆ. ಚುಕ್ಕೆಗಳು ತೀರ ಆಳವಾಗಬಾರದು, ಬೆರಳಾಡಿಸಿದರೆ ಒರಟು ಹತ್ತಬಾರದು ಎಂದು ಹೇಳಿ. ಇದರಲ್ಲಿ ಬಣ್ಣವಿಲ್ಲ, ಅಂಟಿಲ್ಲ, ಕಳಚಿ ಬೀಳುವುದು ಏನೂ ಇಲ್ಲ.

ಈ ಚಿತ್ರ ಎರಡು ಬಗೆಯ ಆಟ ಆಡುತ್ತದೆ. ಹಾಲು ಹಾಕಿದರೆ ಮುಚ್ಚಿಹೋಗಿ, ಕೊನೆಯ ಗುಟುಕಿಗೆ ಮಾತ್ರ ಕಾಣುತ್ತದೆ. ನೀರು ಹಾಕಿದರೆ ಇದಕ್ಕೆ ತಿರುವುಮುರುವು. ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು, ಮಗು ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿದು, ಅಂಚು ಅಡ್ಡ ಬಂದು ಚಿತ್ರ ಮರೆಯಾಗುವಲ್ಲಿ ನಿಲ್ಲಲಿ. ಅಲ್ಲಿಂದ ಕದಲಬಾರದು. ಈಗ ಇನ್ನೊಬ್ಬರು ಲೋಟಕ್ಕೆ ನೀರು ಹಾಕಲಿ. ಚಿತ್ರ ತಾನಾಗಿ ಮೇಲೆದ್ದು ಬಂದಂತೆ ಕಾಣುತ್ತದೆ. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದರಿಂದ, ನೇರ ಮೇಲಿನಿಂದ ನೋಡುವವರಿಗೆ ನೀರಿನ ತಳ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿರುವಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲೆ. ವಿಜ್ಞಾನದ ಪಾಠದಲ್ಲಿ ಬರುವ ನಾಣ್ಯದ ಪ್ರಯೋಗವೇ ಇದು. ಕುಡಿಯುತ್ತಾ ಹೋದಂತೆ ಚಿತ್ರ ಮತ್ತೆ ಕೆಳಗಿಳಿಯುತ್ತದೆ. ಕೆತ್ತಿಸುವ ಮೊದಲು ನಾಣ್ಯವಿಟ್ಟು ನೋಡಿ, ಚಿತ್ರ ತಳದ ಯಾವ ಭಾಗದಲ್ಲಿದ್ದರೆ ಚೆನ್ನಾಗಿ ಕಾಣುತ್ತದೆಂದು ನಿಮ್ಮ ವಿದ್ಯಾರ್ಥಿಗಳೇ ಗುರುತಿಸಲಿ. ಮೇಳದಲ್ಲಿ ವಿವರಿಸಲು ಅವರಿಗೆ ಇಷ್ಟು ಸಾಕಾಗುತ್ತದೆ.

ವಸ್ತುವಿನ ಆಯ್ಕೆಯ ಬಗ್ಗೆ ಕೆಲವು ಮಾತು. ಸ್ಟೀಲ್ ಮೇಲೆಂದು ನಾವು ಹೇಳುವುದು ಅದು ಬಿಸಿಗೂ ಹುಳಿಗೂ ಜಗ್ಗದು, ಒಡೆಯದು ಎಂಬ ಕಾರಣಕ್ಕೆ. ತಾಮ್ರ, ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಹಾಕಬಾರದು. ಹುಳಿ ಲೋಹವನ್ನು ಕರಗಿಸುತ್ತದೆ. ಹಿಂದಿನವರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಸುಮ್ಮನೆ ಅಲ್ಲ. ಪ್ಲಾಸ್ಟಿಕ್ ಬೇಕೇ ಬೇಕೆಂದರೆ ತಳದಲ್ಲಿ ತ್ರಿಕೋನದೊಳಗೆ 5 ಎಂದಿರುವ ಪಾಲಿಪ್ರೊಪಿಲೀನ್ ನೋಡಿ. ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನಿಂದ ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಒಸರುತ್ತದೆಂದು ಯುರೋಪಿನ ಒಕ್ಕೂಟ 2011ರಲ್ಲಿ ಮಕ್ಕಳ ಹಾಲಿನ ಬಾಟಲಿಗಳಲ್ಲಿ ಅದನ್ನು ನಿಷೇಧಿಸಿತು. ಅಮೆರಿಕದಲ್ಲಿ 2012ರಲ್ಲಿ ಬಾಟಲಿಗಳ ಜೊತೆಗೆ ಮಕ್ಕಳ ಕೊಕ್ಕಿನ ಲೋಟಗಳಿಂದಲೂ ಅದನ್ನು ಕೈಬಿಡಲಾಯಿತು.

ಚನ್ನಪಟ್ಟಣದ ಬಣ್ಣದ ಮರದ ಕೆಲಸವನ್ನು ಬಳಸಬಹುದೇ ಎಂದು ನಿಮ್ಮ ಮಕ್ಕಳು ಖಂಡಿತ ಕೇಳುತ್ತಾರೆ, ಆ ಹೊಳಪು ಹಾಗಿದೆ. ಆ ಬಣ್ಣ ಕೂರುವ ರೀತಿಯನ್ನೇ ನೋಡಿ ಉತ್ತರ ಹೇಳಬಹುದು. ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಕುಶಲಕರ್ಮಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಬಿಸಿಗೆ ಕರಗಿ ಕೂತದ್ದು ಬಿಸಿಗೆ ಮೆತ್ತಗೂ ಆಗುತ್ತದೆ. ಹಾಗಾಗಿ ಒಳಗೆ ಬಿಸಿ ಹಾಲು ಹಾಕುವ ಲೋಟಕ್ಕೆ ಅದು ಹೊಂದದು. ಆದರೆ ಸ್ಟೀಲ್ ಲೋಟ ಕೂರಿಸುವ ಹೊರಗವಸು ಅಥವಾ ಮೂರು ಕಾಲಿನ ಪೀಠ ಮಾಡಿಸಿದರೆ ಬಹಳ ಚೆನ್ನಾಗಿರುತ್ತದೆ. ತೊಳೆಯುವಾಗ ಲೋಟವನ್ನು ಎತ್ತಿಕೊಂಡರಾಯಿತು, ಮರ ಒದ್ದೆಯಾಗುವುದಿಲ್ಲ. ಕಾಲುಗಳನ್ನು ಹೊರಕ್ಕೆ ಚಾಚಿಸಿದರೆ ಉರುಳುವ ಸಮಸ್ಯೆಗೂ ಉತ್ತರ ಸಿಕ್ಕಿತು.

ಮಕ್ಕಳೇ ಹೊರಗೆ ಬಣ್ಣ ಬಳಿಯುವುದಾದರೆ ಬಾಯಿ ತಗಲುವ ಅಂಚಿನಿಂದ 2 ಸೆಂ.ಮೀ. ಕೆಳಗಿನವರೆಗೆ ಏನನ್ನೂ ಬಳಿಯಬಾರದು, ಒಳಗಂತೂ ಬಳಿಯಲೇಬಾರದು. ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ ಮೀರುವುದಿಲ್ಲ ಎಂದು ಬರೆದಿದೆಯೇ ನೋಡಿಕೊಳ್ಳಿ. 2016ರ ನಿಯಮದ ಪ್ರಕಾರ ನಮ್ಮಲ್ಲಿ ಮನೆಬಳಕೆಯ ಬಣ್ಣಕ್ಕೆ ಅದೇ ಮಿತಿ. ಮನೆಯಲ್ಲಿ ತಮ್ಮ-ತಂಗಿಯರ ಕೈಗೂ ಈ ಲೋಟ ಸಿಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಬೀಳುವಷ್ಟು ಚಿಕ್ಕದಾದ ಯಾವ ಬಿಡಿಭಾಗವೂ ಅಪಾಯ. ಮಣಿ, ಕಣ್ಣು, ಗುಂಡಿ ಏನನ್ನೂ ಅಂಟಿಸದಿರುವುದೇ ಒಳ್ಳೆಯದು.

ಕೊನೆಗೆ, ಎಲ್ಲಿಂದ ಶುರು ಮಾಡಬೇಕು ಎಂದಿರಲ್ಲ. ಚಿತ್ರ ಬರೆಯುವುದರಿಂದ ಬೇಡ. ಮೊದಲು ಏಳನೇ ತರಗತಿಯವರು ಎರಡು ಮೂರು ದಿನ ನಲ್ಲಿಯ ಹತ್ತಿರ ಸುಮ್ಮನೆ ನಿಂತು, ಪುಟ್ಟ ಮಕ್ಕಳು ಲೋಟವನ್ನು ಒಂದು ಕೈಯಲ್ಲಿ ಹಿಡಿಯುತ್ತಾರೋ ಎರಡರಲ್ಲೋ, ಎಲ್ಲಿ ಚೆಲ್ಲುತ್ತಾರೆ, ಎಷ್ಟು ಉಳಿಸಿ ಹೋಗುತ್ತಾರೆ ಎಂದು ಬರೆದುಕೊಳ್ಳಲಿ. ಆಮೇಲೆ ಒಂದೇ ಒಂದು ಲೋಟ ಮಾಡಿಸಿ, ಏನನ್ನೂ ವಿವರಿಸದೆ ಒಂದನೇ ತರಗತಿಯ ಮಗುವಿನ ಕೈಗೆ ಕೊಡಲಿ. ಮಗು ತಾನಾಗಿ ತಳದ ಚಿತ್ರವನ್ನು ಕಂಡುಹಿಡಿದು ಪಕ್ಕದವರನ್ನು ಕರೆದರೆ ಲೋಟ ಗೆದ್ದಿತು. ಕರೆಯದಿದ್ದರೆ ಚಿತ್ರದ ಜಾಗ ಬದಲಿಸಿ ಮತ್ತೊಂದು ಮಾಡಿಸಿ. ಮೇಳ ಮುಗಿದ ಮೇಲೆ ನಿಮ್ಮ ಮಕ್ಕಳು ಯಾವ ಚಿತ್ರ ಆರಿಸಿದರು, ಪುಟ್ಟವರು ಎಷ್ಟು ನೀರು ಕುಡಿದರು ಎಂದು ದಯವಿಟ್ಟು ನಮಗೂ ಬರೆದು ತಿಳಿಸಿ.